ತವರಿಗೆ ಹೋಗಿದ್ದಾಳೆ

ನಮ್ಮ ರಸ್ತೆಯಲ್ಲಿ ಶುಕ್ರವಾರದ ಸಂಜೆ ಲಲಿತಾ ಸಹಸ್ರನಾಮ ಹೇಳುವ ಹನ್ನೊಂದು ಜನ ಹೆಂಗಸರ ಗುಂಪೊಂದಿದೆ. ದೇವರ ಮುಂದೆ ಮುಕ್ಕಾಲು ಗಂಟೆ, ಆಮೇಲೆ ಕಾಫಿ ಕೋಸಂಬರಿಯ ಮುಂದೆ ಒಂದೂವರೆ ಗಂಟೆ ಎನ್ನುವುದು ನಾವು ಯಾರೂ ಬರೆದಿಡದ ನಿಯಮ. ಈ ಒಂದೂವರೆ ಗಂಟೆಯಲ್ಲಿ ಅಮೃತಹಳ್ಳಿಯ ನೀರಿನ ಟ್ಯಾಂಕರಿನಿಂದ ಹಿಡಿದು ಅಮೆರಿಕದ ಬಾಣಂತನದವರೆಗೆ ಎಲ್ಲವೂ ಬಂದು ಹೋಗುತ್ತವೆ. 2023ರ ಬೇಸಿಗೆಯಲ್ಲಿ ಹೀಗೇ ಮಾತು ಬಂದು, ಅಮೆಜಾನ್ ಪ್ರೈಮಿನಲ್ಲಿ ಆಗಷ್ಟೇ ಬಂದಿದ್ದ 'ಡ್ಯಾನ್ಸಿಂಗ್ ಆನ್ ದಿ ಗ್ರೇವ್' ಎಂಬ ನಾಲ್ಕು ಕಂತಿನ ಸಾಕ್ಷ್ಯಚಿತ್ರವನ್ನು ಎಲ್ಲರೂ ಸೇರಿ ನೋಡುವುದೆಂದು ತೀರ್ಮಾನವಾಯಿತು. ನಮ್ಮ ಮನೆಯ ಟಿವಿ ದೊಡ್ಡದು, ಯಜಮಾನರು ಊರಲ್ಲಿರಲಿಲ್ಲ. ಹೀಗಾಗಿ ನಮ್ಮ ಹಜಾರವೇ ಟಾಕೀಸಾಯಿತು.

ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಪ್ರಕರಣ ನೆನಪಿತ್ತು. 1994ರಲ್ಲಿ ನಾವೆಲ್ಲ ಒಂದೊಂದು ಊರಿನಲ್ಲಿದ್ದವರು. ನಾನು ತಿಪಟೂರಿನಲ್ಲಿ, ಸೊಂಟದ ಮೇಲೆ ಮಗು, ಒಲೆಯ ಮೇಲೆ ಹಾಲು. ಆಗ ವಾರಗಟ್ಟಲೆ ಪತ್ರಿಕೆಗಳಲ್ಲಿ ಅದೇ ಸುದ್ದಿ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರೆ, ರಿಚ್ಮಂಡ್ ರಸ್ತೆಯ ತನ್ನ ಮನೆಯಿಂದ 1991ರಲ್ಲಿ ಕಾಣೆಯಾದವಳು, ಮೂರು ವರ್ಷದ ಮೇಲೆ ಅದೇ ಮನೆಯ ಆವರಣದ ನೆಲದ ಕೆಳಗೆ ಸಿಕ್ಕಿದಳು. ಹೂತವನು ಅವಳ ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರ. ಮಾರ್ಚ್ ಕೊನೆಯಲ್ಲಿ ಪೊಲೀಸರು ನೆಲ ಅಗೆದರು. ಅಗೆಯುವುದನ್ನು ವಿಡಿಯೋ ಮಾಡಿದರು. ಮೂಳೆಗಳ ಪರೀಕ್ಷೆ ಹೈದರಾಬಾದಿನ ಪ್ರಯೋಗಾಲಯದಲ್ಲಿ ನಡೆಯಿತು. ಡಿಎನ್ಎ ಎಂಬ ಮೂರಕ್ಷರವನ್ನು ನನ್ನಂಥವರು ಮೊದಲು ಓದಿದ್ದು ಈ ಸುದ್ದಿಯಲ್ಲೇ ಇರಬೇಕು.

ನಾಲ್ಕು ಕಂತು ಮುಗಿದಾಗ ನಮ್ಮ ಹಜಾರದಲ್ಲಿ ಎದ್ದ ಮೊದಲ ಪ್ರಶ್ನೆ, 1994ರಲ್ಲಿ ಊರೂರಿನ ಅಡುಗೆಮನೆಗಳಲ್ಲಿ ಎದ್ದ ಪ್ರಶ್ನೆಯೇ. "ಅಲ್ಲಾ ಕಣ್ರೀ, ಮೂರು ವರ್ಷ ಯಾರೂ ಕೇಳ್ಲೇ ಇಲ್ವಾ?"

ಎಲ್ಲರೂ ತಲೆಯಾಡಿಸಿದರು. ದೊಡ್ಡವರ ಮನೆಗಳೇ ಹಾಗೆ, ಪಕ್ಕದ ಮನೆಯವರ ಮುಖ ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ, ಕಾಂಪೌಂಡಿನ ಗೋಡೆ ಅಷ್ಟೆತ್ತರ, ನಮ್ಮಂಥ ರಸ್ತೆಯಲ್ಲಾಗಿದ್ದರೆ ಮೂರು ದಿನವೂ ನಡೆಯುತ್ತಿರಲಿಲ್ಲ ಎಂದೆಲ್ಲ ಮಾತಾಯಿತು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಮ್ಮ ಎದುರು ಮನೆಯ ಸಂಗತಿ ಗೊತ್ತಿದ್ದ ಇನ್ನಿಬ್ಬರು ಆ ಗುಂಪಿನಲ್ಲಿದ್ದರು. ಅವರೂ ಮಾತಾಡಲಿಲ್ಲ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಾಕ್ಷ್ಯಚಿತ್ರದ ಮಾತು.

ಪ್ಯಾಟ್ರಿಕ್ ಗ್ರಹಾಂ ನಿರ್ದೇಶಿಸಿದ ಈ ಚಿತ್ರ ನೋಡಿಸಿಕೊಂಡು ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಂಧುಗಳು, ಸ್ನೇಹಿತರು, ಪೊಲೀಸರು, ವಕೀಲರು, ಪತ್ರಕರ್ತರು ಬಂದು ಮಾತಾಡುತ್ತಾರೆ. ಹಳೆಯ ಫೋಟೋಗಳಲ್ಲಿ ಶಾಕಿರೆ ಎಷ್ಟು ಚೆಲುವೆ ಎಂದು ನಾವು ಹನ್ನೊಂದು ಜನವೂ ಉಸಿರು ಬಿಗಿಹಿಡಿದು ನೋಡಿದೆವು. ಆದರೆ ಚಿತ್ರಕ್ಕೆ ಇಟ್ಟ ಹೆಸರನ್ನೇ ನೋಡಿ. ಗೋರಿಯ ಮೇಲೆ ಕುಣಿತ. ಹೂತ ಜಾಗದ ಮೇಲೇ ಅವನು ಪಾರ್ಟಿ ಮಾಡಿ ಕುಣಿಯುತ್ತಿದ್ದನಂತೆ ಎಂಬ ಆಗಿನ ಸುದ್ದಿಯ ನೆರಳು ಅದು. ಹೆಸರಿನಲ್ಲೇ ಕಥೆ ಯಾರದೆಂದು ನಿರ್ಧಾರವಾಗಿಬಿಟ್ಟಿದೆ. ಕುಣಿದವನದು, ಕೆಳಗೆ ಮಲಗಿದವಳದಲ್ಲ. ಮೊದಲರ್ಧದಲ್ಲಿ ಶಾಕಿರೆ ಇದ್ದಾಳೆ, ಆಮೇಲೆ ಮೆಲ್ಲಗೆ ಜಾರುತ್ತಾಳೆ. ಕೊನೆಗೆ ಸೆರೆಮನೆಯಲ್ಲಿರುವ ಅವನೇ ಬಂದು ಕೂತು ತನ್ನದೇನೂ ತಪ್ಪಿಲ್ಲವೆನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಬೆಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿ, 2005ರಲ್ಲಿ ಹೈಕೋರ್ಟು ಎತ್ತಿಹಿಡಿದು, 2008ರಲ್ಲಿ ಸುಪ್ರೀಂ ಕೋರ್ಟು ಅಪರಾಧವನ್ನು ಒಪ್ಪಿ, ಗಲ್ಲಿನ ಬದಲು ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆಯೆಂದು ತೀರ್ಪಿತ್ತ ಮನುಷ್ಯ. ಅವನಿಗೆ ಹೇಳಲು ಬಿಡಬಾರದೆಂದು ನನ್ನ ವಾದವಲ್ಲ. ನಮ್ಮ ಗುಂಪಿನ ನಿವೃತ್ತ ಟೀಚರೊಬ್ಬರು, "ಪಾಪ, ಮುದುಕ ಆಗೋಗಿದಾನೆ" ಎಂದಾಗ ನನಗೆ ಕಸಿವಿಸಿಯಾಯಿತು. ಅವನಿಗೆ ಮುದುಕನಾಗುವುದಕ್ಕೆ ಸಮಯ ಸಿಕ್ಕಿತು ಎಂಬ ಸರಳ ಸಂಗತಿಯನ್ನು ಚಿತ್ರ ನಮಗೆ ನೆನಪಿಸಬೇಕಿತ್ತು. ನೆನಪಿಸಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಶಾಕಿರೆಗೆ ನಾಲ್ಕು ಹೆಣ್ಣುಮಕ್ಕಳು. ಮೊದಲ ಗಂಡ ವಿದೇಶಾಂಗ ಸೇವೆಯ ಅಧಿಕಾರಿ. ಅವಳ ಹೆಸರಿನಲ್ಲೇ ಬೆಲೆಬಾಳುವ ಆಸ್ತಿ. ಹೀಗಿದ್ದವಳು ಹೊರಗಿನಿಂದ ಬಂದು ಆಸ್ತಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಒಬ್ಬನ ಮಾತಿಗೆ ಹೇಗೆ ಮರುಳಾದಳು? ಅವಳಿಗೆ ಗಂಡುಮಗು ಬೇಕೆಂಬ ಆಸೆಯಿತ್ತು, ಅವನು ಆ ಆಸೆಯನ್ನು ಹಿಡಿದುಕೊಂಡ ಎಂದು ಆಗಿನಿಂದಲೂ ಹೇಳುತ್ತ ಬಂದಿದ್ದಾರೆ. ಚಿತ್ರ ಇದನ್ನು ಒಂದು ವಿಚಿತ್ರವೆಂಬಂತೆ ಮುಟ್ಟಿ ಮುಂದೆ ಹೋಗುತ್ತದೆ. ಇಷ್ಟೆಲ್ಲ ಓದಿದವಳು, ಸಿರಿವಂತೆ, ಇವಳಿಗೂ ಹೀಗೊಂದು ಹುಚ್ಚೇ ಎಂಬ ಆಶ್ಚರ್ಯ ಅದಕ್ಕೆ. ನಮ್ಮ ಹಜಾರದಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಹನ್ನೊಂದು ಜನರಲ್ಲಿ ನಾಲ್ವರು ಗಂಡುಮಗುವಿಗೆಂದು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವರು, ಅವರಲ್ಲಿ ನಾನೂ ಒಬ್ಬಳು. ಚಿತ್ರ ಒಂದು ಐದು ನಿಮಿಷ ಇಲ್ಲಿ ಕೂತಿದ್ದರೆ, ಬಂಗಲೆಯ ಗೋಡೆ ಬಿದ್ದು ಶಾಕಿರೆ ನಮ್ಮ ನಡುವೆ ಬಂದು ಕೂರುತ್ತಿದ್ದಳು.

ಅವಳು 1985ರಲ್ಲಿ ವಿಚ್ಛೇದನ ಪಡೆದು ಮರುವರ್ಷ ಆ ಮನುಷ್ಯನನ್ನು ಮದುವೆಯಾದಾಗ ಬಂಧುಬಳಗ ದೂರ ಸರಿಯಿತು. ಧರ್ಮ ಬೇರೆ, ಅಂತಸ್ತು ಬೇರೆ, ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವಾಗ ತಾಯಿಗೆ ಮದುವೆ. ಯಾವ ಮನೆತನ ತಾನೇ ಸಹಿಸೀತು? ದೂರ ಸರಿದವರಲ್ಲಿ ಕೆಟ್ಟವರು ಯಾರೂ ಇದ್ದಿರಲಾರರು. ಮರ್ಯಾದಸ್ಥರು, ನೊಂದವರು. ಆದರೆ ಪರಿಣಾಮ ನೋಡಿ. ಮನೆಗೆ ಹೋಗಿಬರುವವರು ಕಡಿಮೆಯಾದರು, ಹಬ್ಬದೂಟಕ್ಕೆ ಕರೆಯುವವರು ಇಲ್ಲವಾದರು. ಅವಳು ಕಾಣೆಯಾದಾಗ "ಕಾಣೆಯಾದಳು" ಎಂದು ಅನ್ನಿಸಬೇಕಾದರೆ ಮೊದಲು ಅವಳು ಯಾರಿಗಾದರೂ ಕಾಣುತ್ತಿರಬೇಕಲ್ಲ? ಕೊಲೆಗಾರ ಗೋಡೆ ಕಟ್ಟಬೇಕಾದ ಅಗತ್ಯವೇ ಬೀಳಲಿಲ್ಲ, ಒಳ್ಳೆಯವರು ಕಟ್ಟಿಟ್ಟಿದ್ದರು. ಈ ಮಾತನ್ನು ಹೇಳುವುದಕ್ಕೆ ಬೇಕಾದ ಎಲ್ಲ ಸಾಮಗ್ರಿಯೂ ಚಿತ್ರದಲ್ಲಿದೆ. ಬಂಧುಗಳ ಮುಖದಲ್ಲೇ ಅದು ಬರೆದಂತಿದೆ. ಕೇಳುವವರು ಕೇಳಲಿಲ್ಲ.

ಪಟ್ಟು ಬಿಡದೆ ಕೇಳಿದವಳು ಒಬ್ಬ ಮಗಳು. ಅಮ್ಮನೆಲ್ಲಿ ಎಂದು ಅವಳು ಕೇಳಿದಾಗಲೆಲ್ಲ ಆ ಮನುಷ್ಯ ಕೊಟ್ಟ ಉತ್ತರಗಳು ನ್ಯಾಯಾಲಯದ ದಾಖಲೆಯಲ್ಲಿವೆ. ಮೊದಲು ಹೈದರಾಬಾದಿಗೆ ಹೋಗಿದ್ದಾಳೆ ಎಂದ. ಆಮೇಲೆ ಕಛ್‌ನಲ್ಲಿ ಯಾವುದೋ ವಜ್ರದ ವ್ಯಾಪಾರಿಯ ಮನೆಯ ಮದುವೆ. ಆಮೇಲೆ ಆದಾಯ ತೆರಿಗೆಯ ತೊಂದರೆಯಿಂದ ತಲೆಮರೆಸಿಕೊಂಡಿದ್ದಾಳೆ. ಕೊನೆಗೆ ಬಸುರಿ, ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ. ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಂಥ ಹೆಸರಿನವರು ಇರಲಿಲ್ಲ. ಮುಂದೊಮ್ಮೆ ಅವನ ಬಳಿಯೇ ಅಮ್ಮನ ಪಾಸ್‌ಪೋರ್ಟು ಆ ಮಗಳ ಕಣ್ಣಿಗೆ ಬಿತ್ತು. 1992ರ ಜೂನಿನಲ್ಲಿ ಅವಳು ಅಶೋಕನಗರದ ಠಾಣೆಯಲ್ಲಿ ದೂರು ಕೊಟ್ಟಳು. ಪ್ರಕರಣ ಕೇಂದ್ರ ಅಪರಾಧ ವಿಭಾಗಕ್ಕೆ ಹೋಗಿ ನೆಲ ಅಗೆಯುವ ಹೊತ್ತಿಗೆ 1994ರ ಮಾರ್ಚ್.

ಈ ಉತ್ತರಗಳನ್ನು ಗಮನಿಸಿ. ಮದುವೆಮನೆ, ಬಸಿರು, ಪರವೂರು. ಹೆಂಗಸೊಬ್ಬಳು ಮನೆಯಲ್ಲಿಲ್ಲದಿರುವುದಕ್ಕೆ ನಮ್ಮ ಸಮಾಜ ಒಪ್ಪುವ ಕಾರಣಗಳ ಪಟ್ಟಿ ಎಷ್ಟು ಚಿಕ್ಕದೋ ಅಷ್ಟೇ ಗಟ್ಟಿ. ಆ ಪಟ್ಟಿಯೊಳಗಿನ ಒಂದು ಹೆಸರು ಹೇಳಿದರೆ ಸಾಕು, ಕೇಳಿದವರು ಸುಮ್ಮನಾಗುತ್ತಾರೆ. ಶಾಕಿರೆಯ ವಿಷಯದಲ್ಲಿ ಆ ಪಟ್ಟಿಯ ಮೊದಲನೆಯ ಕಾರಣವನ್ನು ಹೇಳುವಂತಿರಲಿಲ್ಲ, ಏಕೆಂದರೆ ತವರಿನವರೇ ಕೇಳುತ್ತಿದ್ದರು. ನಮ್ಮ ರಸ್ತೆಯಲ್ಲಿ ಹೇಳಿದ್ದು ಅದನ್ನೇ.

ನಾವು ಅಮೃತಹಳ್ಳಿಗೆ ಬಂದದ್ದು 2006ರಲ್ಲಿ. ಆಗ ಬಳ್ಳಾರಿ ರಸ್ತೆಯಿಂದ ಒಳಗೆ ತಿರುಗಿದರೆ ಊರಿನ ಹಳೆಯ ಮನೆಗಳು, ಕೆರೆ, ಅಲ್ಲಲ್ಲಿ ಉಳಿದಿದ್ದ ತೋಟ, ನಡುನಡುವೆ ನಮ್ಮಂಥವರ ಹೊಸ ಮನೆಗಳು. 2007ರಲ್ಲಿ ಬ್ಯಾಟರಾಯನಪುರದ ನಗರಸಭೆ ಬೃಹತ್ ಮಹಾನಗರ ಪಾಲಿಕೆಗೆ ಸೇರಿತು, ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದ ಮುಂದೆ ಇಲ್ಲಿ ಮಣ್ಣಿನ ಬೆಲೆ ಹೇಳುವುದಕ್ಕೇ ಬಾಯಿ ಸಾಲದಾಯಿತು. ಅದಕ್ಕೂ ಮೊದಲೇ, 2003ರಲ್ಲಿ, ಅರ್ಕಾವತಿ ಬಡಾವಣೆಗೆಂದು ಬಿಡಿಎ ಹದಿನಾರು ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಡಿಸಿದಾಗ ಆ ಪಟ್ಟಿಯಲ್ಲಿ ಅಮೃತಹಳ್ಳಿಯ ಹೆಸರೂ ಇತ್ತು. ಯಾರ ಜಮೀನು ಉಳಿಯಿತು, ಯಾರದು ಹೋಯಿತು, ಯಾರದನ್ನು ಕೈಬಿಟ್ಟರು ಎಂಬುದರ ಮೇಲೆ ವರ್ಷಗಟ್ಟಲೆ ಕೋರ್ಟು. ಹೊರಗಿನಿಂದ ನೋಡಿದವರಿಗೆ ನಮ್ಮ ಬಡಾವಣೆ ಚೆಂದ. ಮನೆಮುಂದೆ ಹೊಂಗೆ, ಗೇಟಿಗೆ ಹಿತ್ತಾಳೆಯ ಹೆಸರುಹಲಗೆ, ಮೇಲೆ ಬಾಡಿಗೆಯ ಮನೆ, ಸಂಕ್ರಾಂತಿಗೆ ಎಳ್ಳು ಬೀರುವ ಮಕ್ಕಳು. ಒಳಗೆ ಪ್ರತಿಯೊಂದು ಬೀರುವಿನಲ್ಲೂ ಒಂದು ಕಾಗದದ ಕಟ್ಟು, ಪ್ರತಿಯೊಂದು ಕಟ್ಟಿನಲ್ಲೂ ಸಹಿ ಹಾಕಿದ ಅಥವಾ ಹಾಕದ ಒಬ್ಬಳು ಹೆಂಗಸು.

ಸಹಿಯ ಮಾತಿಗೆ ಸ್ವಲ್ಪ ನಿಲ್ಲಬೇಕು. ಶಾಕಿರೆಯ ಮೂಳೆಗಳು ಸಿಕ್ಕ 1994ರಲ್ಲೇ, ಜುಲೈ ತಿಂಗಳಲ್ಲಿ, ಕರ್ನಾಟಕದಲ್ಲಿ ಒಂದು ಕಾನೂನು ಜಾರಿಗೆ ಬಂತು. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದಿತು. 2005ರ ಕೇಂದ್ರದ ತಿದ್ದುಪಡಿ ಆ ಮದುವೆಯ ಗೆರೆಯನ್ನೂ ಅಳಿಸಿತು. ಕಾಗದದ ಮೇಲೆ ಎಷ್ಟು ದೊಡ್ಡ ವಿಷಯ! ಮನೆಯೊಳಗೆ ಆದದ್ದೇನೆಂದರೆ, ಅದುವರೆಗೆ ಯಾರಿಗೂ ಬೇಡವಾಗಿದ್ದ ಹೆಣ್ಣಿನ ಸಹಿ ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾಯಿತು. ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವ ಪತ್ರದ ಮೇಲೆ ಬೇಕು, ಗಂಡನ ಮನೆಯವರಿಗೆ ಪಾಲು ಕೇಳುವ ದಾವೆಯ ಮೇಲೆ ಬೇಕು. ಶಾಕಿರೆಯೂ ಒಂದು ಅಧಿಕಾರಪತ್ರಕ್ಕೆ ಸಹಿ ಹಾಕಿದ್ದಳು, ನಮ್ಮ ಕಡೆ ಎಲ್ಲರೂ ಜಿಪಿಎ ಎನ್ನುವಂಥದ್ದು. ಅವಳು ನೆಲದ ಕೆಳಗಿದ್ದಾಗಲೂ ಆ ಸಹಿ ನೆಲದ ಮೇಲೆ ಓಡಾಡಿಕೊಂಡಿತ್ತು. ಇದನ್ನು ಚಿತ್ರ ಎರಡು ಮಾತಿನಲ್ಲಿ ದಾಟುತ್ತದೆ. ನನಗೆ ಇಡೀ ಕಥೆಯ ನಡುಗಂಬ ಅದೇ ಅನ್ನಿಸಿತು.

ನಮ್ಮ ಎದುರು ಮನೆಯಾಕೆಗೆ ಆಗ ನಲವತ್ತು ದಾಟಿತ್ತು. ತವರು ದೊಡ್ಡಬಳ್ಳಾಪುರದ ಕಡೆ. ಮದುವೆಗೆ ಮೊದಲು ಟಿಸಿಎಚ್ ಮುಗಿಸಿದ್ದಳು, ಕೆಲಸಕ್ಕೆ ಹೋಗಿರಲಿಲ್ಲ. ಗಂಡ ನೌಕರಿಯವರು, ಅತ್ತೆ ಗಟ್ಟಿಯಾಗಿದ್ದರು, ಒಬ್ಬಳೇ ಮಗಳು ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಅಂಥ ದಂಪತಿ ರಸ್ತೆಯಲ್ಲೇ ಇಲ್ಲವೆಂದು ನಾವೆಲ್ಲ ಹೇಳುತ್ತಿದ್ದೆವು, ಏಕೆಂದರೆ ಭಾನುವಾರ ಇಬ್ಬರೂ ಒಟ್ಟಿಗೆ ತರಕಾರಿಗೆ ಹೋಗುತ್ತಿದ್ದರು. ಆಕೆ ಬೆಳಿಗ್ಗೆ ಆರಕ್ಕೆ ಇಡುತ್ತಿದ್ದ ರಂಗೋಲಿಗೆ ಚುಕ್ಕಿ ಎಣಿಸಲು ನಾನು ಕಿಟಕಿಗೆ ಬರುತ್ತಿದ್ದೆ. 2011ರ ಆಷಾಢದಲ್ಲಿ ಒಂದು ಬೆಳಿಗ್ಗೆ ಅಲ್ಲಿ ರಂಗೋಲಿಯಿರಲಿಲ್ಲ. ಮರುದಿನದಿಂದ ಕೆಲಸದವಳು ಎರಡು ಗೆರೆ ಎಳೆದು ಹೋಗತೊಡಗಿದಳು. ಕೇಳಿದ್ದಕ್ಕೆ ಅತ್ತೆ ಗೇಟಿನ ಬಳಿ ನಿಂತು, "ಆಷಾಢ ಅಲ್ವಾ, ತವರಿಗೆ ಹೋಗಿದಾಳೆ" ಎಂದರು. ಹೊಸ ಮದುವಣಗಿತ್ತಿಯೇ ಎಂದು ನಾವು ನಾಲ್ಕು ಜನ ನಕ್ಕೆವು. ಅವರೂ ನಕ್ಕರು.

ಆಷಾಢ ಮುಗಿಯಿತು. ಶ್ರಾವಣದ ನಾಲ್ಕು ಶುಕ್ರವಾರಗಳೂ ಆದವು. ವರಮಹಾಲಕ್ಷ್ಮಿಗೆ ಅವರ ಮನೆಯಲ್ಲಿ ಕಳಶವಿಡಲಿಲ್ಲ. ಆಕೆಯ ತಂದೆಗೆ ಹುಷಾರಿಲ್ಲವೆಂದು ಗಂಡ ಹೇಳಿದರಂತೆ ಎಂದು ಯಾರೋ ಹೇಳಿದರು. ಪಾಪ ಎಂದೆವು. ಗೌರಿಹಬ್ಬದ ಹಿಂದಿನ ದಿನ ಬೆಳಿಗ್ಗೆ ಎದುರು ಮನೆಯ ಗೇಟಿನ ಮುಂದೆ ಒಂದು ಮೋಟಾರ್ ಬೈಕು ನಿಂತಿತು. ಆಕೆಯ ಅಣ್ಣ. ಕೈಯಲ್ಲಿ ಬಾಗಿನದ ಮೊರ, ಸೀರೆಯ ಕವರು, ಬಾಳೆಹಣ್ಣಿನ ಚಿಪ್ಪು. ತಂಗಿಗೆ ಗೌರಿ ಬಾಗಿನ ಕೊಡಲು ತವರಿನಿಂದ ಬಂದವನು, ತಂಗಿಯೆಲ್ಲಿ ಎಂದು ಕೇಳಿದ.

ಆಮೇಲಿನ ಅರ್ಧ ಗಂಟೆ ರಸ್ತೆಗೆ ರಸ್ತೆಯೇ ಗೇಟಿಗೆ ಬಂತು. ಮೊರ ಕಾಂಪೌಂಡಿನ ಮೇಲಿತ್ತು. ಕೂಗಾಟ, ಪೊಲೀಸಿನ ಮಾತು, ಅತ್ತೆಯ ಅಳು. ಕೊನೆಗೆ ಯಾರೋ ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋನು ಮಾಡಿದರು. ಆ ಹುಡುಗಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಅಮ್ಮ ದಾವಣಗೆರೆಯಲ್ಲಿದ್ದಾಳೆ, ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ, ಹೆಂಗಸರ ಹಾಸ್ಟೆಲಿನಲ್ಲಿ ಇದ್ದಾಳೆ, ಯಾರೂ ಹುಡುಕಿಕೊಂಡು ಹೋಗಬೇಡಿ ಎಂದಳು. ತವರಿನ ಜಮೀನಿನ ಮೇಲೆ ದಾವೆ ಹಾಕು ಎಂದು ಗಂಡನ ಮನೆಯಲ್ಲಿ ಎರಡು ವರ್ಷದಿಂದ ಜಗಳ. ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕು ಎಂದು ಅಣ್ಣಂದಿರದು ಇನ್ನೊಂದು ಕಡೆ. ಆಕೆ ಎರಡಕ್ಕೂ ಹಾಕಲಿಲ್ಲ. ಎರಡೂ ಮನೆ ಬಿಟ್ಟಳು. ಬಾಗಿನದ ಜೊತೆಗೆ ಅಣ್ಣ ತಂದಿದ್ದ ಚೀಲದಲ್ಲಿ ಆ ಪತ್ರವೂ ಇತ್ತೆಂದು ಆಮೇಲೆ ಗೊತ್ತಾಯಿತು.

ಆ ಸಂಜೆಯಿಂದ ರಸ್ತೆಯಲ್ಲಿ ಒಬ್ಬೊಬ್ಬರ ಬಾಯಿಂದ ಒಂದೊಂದು ಹೊರಬಿತ್ತು. ಎರಡು ತಿಂಗಳಿನಿಂದ ಅರ್ಧ ಲೀಟರ್ ಹಾಲು ಕಡಿಮೆ ಮಾಡಿದ್ದಾರೆಂದು ಹಾಲಿನವನಿಗೆ ಗೊತ್ತಿತ್ತು. ಆಕೆಯ ಒಂದು ಸೀರೆಯೂ ಇಸ್ತ್ರಿಗೆ ಬಂದಿಲ್ಲವೆಂದು ಇಸ್ತ್ರಿಯವನಿಗೆ ಗೊತ್ತಿತ್ತು. ತವರಿಗೆ ಹೋಗುವವಳು ಒಳ್ಳೆಯ ಸೀರೆಗಳನ್ನೆಲ್ಲ ಬಿಟ್ಟುಹೋಗಿದ್ದಾಳೆಂದು ಕೆಲಸದವಳಿಗೆ ಗೊತ್ತಿತ್ತು. ನಾವು ಅವರನ್ನು ಕೇಳಿರಲಿಲ್ಲ, ಕೇಳದೆ ಅವರು ಹೇಳುವವರಲ್ಲ. ಶಾಕಿರೆಯ ಮೊಕದ್ದಮೆಯೂ ಕಣ್ಣಾರೆ ಕಂಡ ಸಾಕ್ಷಿಯಿಲ್ಲದೆ, ಔಟ್‌ಹೌಸಿನಲ್ಲಿದ್ದ ಕೆಲಸದ ದಂಪತಿ, ಮರದ ಪೆಟ್ಟಿಗೆ ಮಾಡಿಕೊಟ್ಟವರು, ಅದನ್ನು ಹೊತ್ತು ಇಳಿಸಿದವರು ಹೇಳಿದ ಚೂರುಚೂರು ಸಂಗತಿಗಳ ಮೇಲೆಯೇ ನಿಂತದ್ದು. ಚಿತ್ರದಲ್ಲಿ ಇಂಗ್ಲಿಷ್ ಬಲ್ಲವರು ಸೋಫಾದ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ, ಈ ಜನರು ಕಥೆಯ ಅಂಚಿನಲ್ಲೇ ಉಳಿಯುತ್ತಾರೆ.

ಇನ್ನು ನನಗೆ ಗೊತ್ತಿದ್ದದ್ದು. ಆಕೆ ಹೋದ ರಾತ್ರಿ ಕರೆಂಟಿರಲಿಲ್ಲ. ಹತ್ತೂವರೆಯ ಸುಮಾರಿಗೆ ಎದುರು ಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಏರಿದ ದನಿಗಳು. ನಾನು ಮೇಣದಬತ್ತಿ ಹಿಡಿದು ಕಿಟಕಿಗೆ ಬಂದೆ. ಆಕೆ ಗೇಟಿನ ಹೊರಗೆ ನಿಂತಿದ್ದಳು, ಕೈಯಲ್ಲೊಂದು ಬ್ಯಾಗು. ನನ್ನ ಬೆಳಕು ಕಂಡು ತಲೆಯೆತ್ತಿ ನೋಡಿದಳು. ನಾನು ಮೇಣದಬತ್ತಿಯನ್ನು ಹಿಂದಕ್ಕೆ ತೆಗೆದುಕೊಂಡು ಪರದೆ ಎಳೆದೆ. ಗಂಡಹೆಂಡಿರ ನಡುವೆ ಬರಬಾರದು, ಆಕೆಗೆ ಮುಜುಗರವಾಗಬಾರದು ಎಂದು ಹಾಗೆ ಮಾಡಿದೆ ಅಂದುಕೊಂಡಿದ್ದೆ. ಮರುದಿನ ಅತ್ತೆ ಆಷಾಢ ಎಂದಾಗ ನಕ್ಕವರಲ್ಲಿ ನಾನೂ ಇದ್ದೆನಲ್ಲ, ಆ ನಗುವಿಗೆ ಯಾವ ಕಾರಣ ಕೊಟ್ಟುಕೊಳ್ಳಲಿ?

ವಿವೇಕ ಶಾನಭಾಗರ 'ಘಾಚರ್ ಘೋಚರ್' ನಾನು ಓದಿದ್ದು ಇದಾದ ಎರಡು ವರ್ಷದ ಮೇಲೆ, 2013ರಲ್ಲಿ ಅಕ್ಷರ ಪ್ರಕಾಶನದಿಂದ ಬಂದಾಗ. ಸಾಕ್ಷ್ಯಚಿತ್ರ ನೋಡಿದ ಮೇಲೆ ಮತ್ತೆ ತೆಗೆದು ಓದಿದೆ. ಒಂದು ಕಥೆ ಎಂದರೂ ಸರಿ, ಕಿರುಕಾದಂಬರಿ ಎಂದರೂ ಸರಿ. ಇರುವೆ ಕಾಟದ ಸಣ್ಣ ಮನೆಯಿಂದ ಸೋನಾ ಮಸಾಲಾದ ದುಡ್ಡಿನಿಂದ ದೊಡ್ಡ ಮನೆಗೆ ಬಂದ ಒಂದು ಕುಟುಂಬ. ದುಡಿಯುವವನು ಚಿಕ್ಕಪ್ಪ, ಉಳಿದವರೆಲ್ಲ ಅವನ ಸುತ್ತ. ನಿರೂಪಕ ಏನೂ ಕೆಲಸ ಮಾಡದೆ ಕಾಫಿಹೌಸಿನಲ್ಲಿ ಕೂರುವ ಮಗ. ಅವನ ಹೆಂಡತಿ ಅನಿತಾ ತವರಿಗೆ ಹೋಗಿದ್ದಾಳೆ, ಬರಬೇಕಾದ ಹೊತ್ತಿಗೆ ಬಂದಿಲ್ಲ. ತವರು ಯಾವುದು? ಹೈದರಾಬಾದು. ಲೇಖಕರು ರಿಚ್ಮಂಡ್ ರಸ್ತೆಯನ್ನು ನೆನೆದು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಎರಡನೆಯ ಸಲ ಓದುವಾಗ ಆ ಊರಿನ ಹೆಸರು ಬಂದಲ್ಲಿ ನನ್ನ ಬೆರಳು ನಿಂತಿತು.

ಆ ಮನೆಯಲ್ಲಿ ಯಾರೂ ರಾಕ್ಷಸರಲ್ಲ. ಅಮ್ಮ ಅಡುಗೆ ಮಾಡುತ್ತಾಳೆ, ಎಲ್ಲರೂ ಸುತ್ತ ಕೂತು ಚಹಾ ಕುಡಿಯುತ್ತಾರೆ, ಒಬ್ಬರನ್ನೊಬ್ಬರು ಕಾಯುತ್ತಾರೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು, ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಸಾರು ಮಾಡಿಕೊಂಡು, ಬಾಗಿಲಿಗೆ ಬರುತ್ತಾಳೆ. ಅವಳನ್ನು ಬೈದು ಅಟ್ಟುವವರು ಅಮ್ಮ ಮತ್ತು ಮಗಳು ಮಾಲತಿ. ಗಂಡಸರು ಒಳಗೇ ಇದ್ದಾರೆ. ಸಾರು ಬೀದಿಗೆ ಚೆಲ್ಲುತ್ತದೆ. ಇದು ತಪ್ಪು ಎನ್ನುವವಳು ಅನಿತಾ ಒಬ್ಬಳೇ. ಚೆಲ್ಲಿದ ಸಾರಿನ ಆ ಪುಟ ಓದಿದ ಹೆಂಗಸು ಯಾರಾದರೂ ಇರಲಿ, ತಾನು ಎಲ್ಲಿ ನಿಂತಿದ್ದೆ ಎಂದು ಹುಡುಕಿಕೊಳ್ಳದೆ ಮುಂದೆ ಹೋಗಲಾರಳು. ಅಪರಾಧವೆಂಬುದು ಇಲ್ಲಿ ನೆಲದ ಕೆಳಗೆ ಹೂತಿಟ್ಟ ವಸ್ತುವಲ್ಲ, ಊಟದ ಮೇಜಿನ ಮೇಲೆ ಎಲ್ಲರೂ ಸೇರಿ ಇಡುವ ಪಾತ್ರೆಗಳ ನಡುವೆ ಇದೆ.

ಮೊದಲ ಓದಿನಲ್ಲಿ ನನಗೊಂದು ತಕರಾರಿತ್ತು. ಅನಿತಾ ಎಲ್ಲಿಯೂ ತಾನೇ ಮಾತಾಡುವುದಿಲ್ಲ, ಅವಳ ಮಾತೆಲ್ಲ ಗಂಡನ ಬಾಯಲ್ಲೇ ಬರುತ್ತದೆ. ಹೆಣ್ಣಿಗೆ ದನಿ ಕೊಡದ ಕಥೆ ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೆ. ಈಗ ಆ ಟಿಪ್ಪಣಿಯನ್ನು ಅಳಿಸಿದ್ದೇನೆ. ಬರಬೇಕಾದವಳು ಬಂದಿಲ್ಲ, ಮಾತಾಡುತ್ತಿರುವವನು ಗಂಡ, ಕೇಳುತ್ತಿರುವವರು ನಾವು. ನಮ್ಮ ರಸ್ತೆಯಲ್ಲಿ ಎರಡು ತಿಂಗಳು ಇದ್ದ ಏರ್ಪಾಡೇ ಇದು. ಕಥೆಯಲ್ಲಿ ಚಿತ್ರಾ ಎಂಬ ಹುಡುಗಿಯೊಬ್ಬಳು ಬಂದುಹೋಗುತ್ತಾಳೆ. ಹೆಂಗಸರ ಕಷ್ಟ ವಿಚಾರಿಸುವ ಸಂಸ್ಥೆಯೊಂದರಲ್ಲಿ ಕೆಲಸ, ನಡುರಾತ್ರಿಯಲ್ಲಿ ಮನೆಯಿಂದ ಹೊರಹಾಕಿಸಿಕೊಂಡವರ ಸಂಗತಿಗಳನ್ನು ನಿರೂಪಕನಿಗೆ ಕಾಫಿಹೌಸಿನಲ್ಲಿ ಹೇಳುತ್ತಾಳೆ. ಅವನು ಕೇಳುತ್ತಾನೆ, ಕೇಳಿ ಅವಳಿಂದ ಮೆಲ್ಲನೆ ಜಾರಿಕೊಳ್ಳುತ್ತಾನೆ. ಕೊನೆಯವರೆಗೂ ಅನಿತಾಗೆ ಏನಾಯಿತೆಂದು ಲೇಖಕರು ಹೇಳುವುದಿಲ್ಲ. ಸಾಕ್ಷ್ಯಚಿತ್ರ ಎಲ್ಲವನ್ನೂ ಹೇಳಿ ನಮ್ಮನ್ನು ನಿಶ್ಚಿಂತರನ್ನಾಗಿ ಮಾಡಿ ಕಳಿಸುತ್ತದೆ. ಈ ಪುಟ್ಟ ಪುಸ್ತಕ ಹೇಳದೆ ಉಳಿಸಿ, ನಮ್ಮನ್ನು ಫೋನಿನ ಪಕ್ಕ ಕೂರಿಸುತ್ತದೆ.

ಇದನ್ನು ನಮ್ಮ ಶುಕ್ರವಾರದ ಗುಂಪಿಗೂ ಕೊಟ್ಟೆ. ಕೈಯಿಂದ ಕೈಗೆ ಹೋಗಿ, ಹುಳಿಪುಡಿಯ ಕಲೆಯೊಂದಿಗೆ ವಾಪಸು ಬಂತು. ಇಬ್ಬರಿಗೆ ಮುಕ್ತಾಯವೇ ಇಲ್ಲವೆಂದು ಸಿಟ್ಟು. ಒಬ್ಬರು, ತುಂಬ ಒಳ್ಳೆಯವರು, ಕಷ್ಟಕ್ಕಾಗುವವರು, ಪುಸ್ತಕ ಕೈಗಿಡುತ್ತ, "ಚೆನ್ನಾಗಿದೆ ಕಣ್ರೀ. ಆದ್ರೆ ಆ ಅನಿತಾಂದೂ ಬಾಯಿ ಸ್ವಲ್ಪ ಜಾಸ್ತೀನೇ ಅಲ್ವಾ?" ಎಂದರು. ಎದುರು ಮನೆಯಾಕೆಯ ಬಗ್ಗೆಯೂ ಅಂದು ಗೇಟಿನ ಬಳಿ ಸರಿಯಾಗಿ ಇದೇ ಮಾತು ಬಂದಿತ್ತು. ಶಾಕಿರೆಯ ಬಗ್ಗೆ 1994ರಲ್ಲಿ ತಿಪಟೂರಿನ ನಮ್ಮ ವಠಾರದಲ್ಲಿ ಆಡಿದ ಮಾತನ್ನು ಇಲ್ಲಿ ಬರೆಯಲು ನನಗೆ ನಾಚಿಕೆ.

ಎದುರು ಮನೆಯಾಕೆ ಅದೇ ವರ್ಷ ಕಾರ್ತೀಕದಲ್ಲಿ ಒಮ್ಮೆ ಬಂದಿದ್ದಳು. ತನ್ನ ಎಸ್ಸೆಸ್ಸೆಲ್ಸಿ ಮತ್ತು ಟಿಸಿಎಚ್ ಸರ್ಟಿಫಿಕೇಟು ತೆಗೆದುಕೊಂಡು ಹೋಗಲು, ಮಗಳ ಜೊತೆ. ಕೂದಲು ಸಣ್ಣದಾಗಿ ಕತ್ತರಿಸಿದ್ದಳು, ಸ್ವಲ್ಪ ತೆಳ್ಳಗಾಗಿದ್ದಳು. ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದಳು. ನನ್ನ ಬಳಿ ಒಂದು ಸ್ಟೀಲ್ ಡಬ್ಬಿ ಇತ್ತು. ಆಕೆ ಯಾವಾಗಲೋ ಚಕ್ಕುಲಿ ಹಾಕಿ ಕೊಟ್ಟು ಕಳಿಸಿದ್ದು, ಹಿಂದಿರುಗಿಸುವುದರೊಳಗೆ ಇದೆಲ್ಲ ಆಗಿತ್ತು. ಐದು ತಿಂಗಳು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದ್ದೆ. ಖಾಲಿ ಡಬ್ಬಿ ಕೊಡಬಾರ

ದೆಂದು ಎರಡು ಹಿಡಿ ಸಕ್ಕರೆ ಹಾಕಿ ಓಡಿಹೋಗಿ ಗೇಟಿನಲ್ಲಿ ಕೊಟ್ಟೆ. ಆ ರಾತ್ರಿಯ ಬಗ್ಗೆ ಏನಾದರೂ ಹೇಳಬೇಕೆಂದು ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಆಕೆ ಡಬ್ಬಿಯನ್ನು ತಿರುಗಿಸಿ ನೋಡಿದಳು, ತಳ ನೋಡಿದಳು, ಮುಚ್ಚಳ ತೆಗೆದು ಸಕ್ಕರೆ ನೋಡಿದಳು.

"ಇದು ನಮ್ಮದಲ್ಲ ರೀ" ಎಂದಳು.

ಆಟೋ ಕಾಯುತ್ತಿತ್ತು. ತಾಯಿ ಮಗಳು ಹತ್ತಿ ಹೋದರು. ಆ ಡಬ್ಬಿ ಯಾರದೆಂದು ಆಮೇಲೆ ರಸ್ತೆಯಲ್ಲಿ ಎಲ್ಲರನ್ನೂ ಕೇಳಿದೆ, ಹೆಸರು ಕೆತ್ತಿಸಿರಲಿಲ್ಲ. ಯಾರೂ ತಮ್ಮದೆನ್ನಲಿಲ್ಲ. ಈಗ ಅದರಲ್ಲಿ ಮೆಂತ್ಯ ಹಾಕಿಟ್ಟಿದ್ದೇನೆ.